ಮಳೆಗಾಲಕ್ಕೆ ಎಷ್ಟು ಸೌದೆ ಬೇಕು? ಒಂದು ಲೆಕ್ಕದ ಚರಿತ್ರೆ

ಮೃಗಶಿರಾ ಮಳೆ ಹಿಡಿಯುವ ಮೊದಲು ಮಲೆನಾಡಿನ ಮನೆಗಳಲ್ಲಿ ಒಂದು ಲೆಕ್ಕ ಮುಗಿದಿರಬೇಕು. ಅಕ್ಕಿ ಎಷ್ಟಿದೆ, ಉಪ್ಪಿನಕಾಯಿ ಎಷ್ಟು ಭರಣಿ ಆಯಿತು ಅನ್ನುವುದರ ಜೊತೆಗೆ ಸೌದೆ ಎಷ್ಟಿದೆ ಅನ್ನುವ ಲೆಕ್ಕ. ಅಕ್ಕಿ ಮುಗಿದರೆ ಪೇಟೆಯಿಂದ ತರಬಹುದು, ಪಕ್ಕದ ಮನೆಯಲ್ಲಿ ಕಡ ಕೇಳಬಹುದು. ಆಷಾಢದ ನಡುವೆ ಒಣಸೌದೆ ಮುಗಿದರೆ ಕೇಳುವುದು ಯಾರನ್ನು? ಯಾರ ಮನೆಯಲ್ಲೂ ಹೆಚ್ಚಿಗೆ ಇರುವುದಿಲ್ಲ. ಕಾಡಿನಲ್ಲಿ ಬಿದ್ದ ಕೊಂಬೆಯೂ ಅಷ್ಟು ಹೊತ್ತಿಗೆ ನೀರು ಕುಡಿದು ಕೂತಿರುತ್ತದೆ.

ಚಳಿ ದೇಶಗಳಲ್ಲಿ ಈ ಲೆಕ್ಕವನ್ನು ಚಳಿಗಾಲಕ್ಕೆ ಹಾಕುತ್ತಾರೆ. ಅಲ್ಲಿ ಮನೆ ಬೆಚ್ಚಗಿರಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಹಾಕುತ್ತೇವೆ. ಅನ್ನ ಬೇಯಬೇಕು, ಬಚ್ಚಲ ಹಂಡೆ ಕಾಯಬೇಕು, ಒಲೆಯ ಮೇಲಿನ ಅಟ್ಟದಲ್ಲಿ ಒದ್ದೆ ಕಂಬಳಿ ಒಣಗಬೇಕು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಲ್ಲಿ ಇದು ಸಣ್ಣ ಮಾತಲ್ಲ.

ಮನೆಯ ಹೆಂಗಸರು ತಲೆಮಾರುಗಳಿಂದ ಈ ಲೆಕ್ಕ ಹಾಕುತ್ತಲೇ ಬಂದಿದ್ದಾರೆ. ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಹೊರಗಿನವರೂ ಇದೇ ಲೆಕ್ಕಕ್ಕೆ ಕೂತಿದ್ದಾರೆ. ಬ್ರಿಟಿಷ್ ಅರಣ್ಯಾಧಿಕಾರಿ, ಇಂಗ್ಲೆಂಡಿನಿಂದ ಬಂದ ರಸಾಯನಶಾಸ್ತ್ರಜ್ಞ, ದೆಹಲಿಯ ಯೋಜನೆಯವರು, ಬೆಂಗಳೂರಿನ ವಿಜ್ಞಾನಿಗಳು. ಅವರವರ ಲೆಕ್ಕದಿಂದ ಅವರವರ ತೀರ್ಮಾನ ಹುಟ್ಟಿತು. ಕಾಡಿಗೆ ಬೇಲಿ ಬಿತ್ತು, ಹೊಲಕ್ಕೆ ನೀಲಗಿರಿ ಬಂತು, ಅಡುಗೆಮನೆಗೆ ಹೊಸ ಒಲೆ ಬಂತು. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇವೆ.

ಹೊರೆ, ಗಾಡಿ, ಮಣ

ಮನೆಯ ಲೆಕ್ಕದಲ್ಲಿ ಕಿಲೋ ಇರಲಿಲ್ಲ. ಹೊರೆ ಇತ್ತು, ಗಾಡಿ ಇತ್ತು, ಕೊಟ್ಟಿಗೆಯ ಗೋಡೆ ಇತ್ತು. ಸೌದೆ ಕೊಟ್ಟಿಗೆಯಲ್ಲಿ ಪೇರಿಸಿದ ಸಾಲು ಗೋಡೆಯ ಎಲ್ಲಿಯವರೆಗೆ ಬಂದರೆ ಚೌತಿ ಹಬ್ಬದ ತನಕ ಸಾಕು ಅನ್ನುವುದು ಮನೆಯವರ ಕಣ್ಣಿಗೆ ಗೊತ್ತಿರುತ್ತಿತ್ತು. ಹೊರುವವರ ಕುತ್ತಿಗೆಯೇ ತಕ್ಕಡಿ. ಒಬ್ಬ ಹೆಂಗಸು ತಲೆಯ ಮೇಲೆ ತರುವ ಹೊರೆ ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತದೆ.

ಸೌದೆ ಅಂದರೆ ಬರೀ ಮರದ ಚಕ್ಕೆಯೂ ಅಲ್ಲ. ಮಲೆನಾಡಿನಲ್ಲಿ ಅಡಿಕೆ ಸೋಗೆ, ಹಾಳೆ, ತೆಂಗಿನ ಮೊಟ್ಟೆ, ಕರಟ. ಬಯಲುಸೀಮೆಯಲ್ಲಿ ಜಾಲಿ ಮುಳ್ಳು, ಬೇಲಿ ಸವರಿದ ಪುರಲೆ, ತೊಗರಿ ಕಡ್ಡಿ. ಉತ್ತರ ಕರ್ನಾಟಕದಲ್ಲಿ ಹತ್ತಿಕಟ್ಟಿಗೆ, ಕುಳ್ಳು. ಉರಿಯುವ ಎಲ್ಲವೂ ಲೆಕ್ಕಕ್ಕೆ ಸೇರುತ್ತಿತ್ತು. ಬೇಗ ಉರಿದು ಹೋಗುವುದಕ್ಕೆ ಒಂದು ಕೆಲಸ, ಕೆಂಡ ನಿಲ್ಲುವುದಕ್ಕೆ ಇನ್ನೊಂದು ಕೆಲಸ. ಪುರಲೆಯಿಂದ ಒಲೆ ಹೊತ್ತಿಸಿ ಚಕ್ಕೆಯಿಂದ ಅನ್ನ ಬೇಯಿಸಿ, ದಪ್ಪ ಕುಂಟೆಯನ್ನು ಬಚ್ಚಲ ಒಲೆಗೆ ತಳ್ಳುವುದು ಮಿತವ್ಯಯದ ದೊಡ್ಡ ವಿದ್ಯೆ.

ಪೇಟೆಯಲ್ಲಿ ಸೌದೆ ಮಣದ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ಆದರೆ ಮಣ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಮದ್ರಾಸಿನ ಮಣ ಸುಮಾರು 11 ಕಿಲೋ. ಬಂಗಾಳದ ಮಣ 37 ಕಿಲೋಗೂ ಹೆಚ್ಚು. ಹೆಸರು ಒಂದೇ, ತೂಕ ಮೂರು ಪಟ್ಟು. ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಎಂದು ತೂಕ ಮತ್ತು ಅಳತೆಗಳ ಕಾನೂನು ಬಂದದ್ದು 1956ರಲ್ಲಿ. ಹಾಗಾಗಿ ಹಳೆಯ ಕಾಗದದಲ್ಲಿ ಇಷ್ಟು ಮಣ ಸೌದೆ ಎಂದು ಕಂಡರೆ, ಅದು ಯಾವ ಸೀಮೆಯ ಮಣ ಎಂದು ಮೊದಲು ಕೇಳಬೇಕು.

ಸರ್ಕಾರ ಹೊರೆ ಎಣಿಸಲು ಕೂತಾಗ

ಹೊರಗಿನವರ ಲೆಕ್ಕ ಶುರುವಾದದ್ದು ರೈಲಿನಿಂದ. 1850ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಹಳಿ ಹಾಕತೊಡಗಿದಾಗ ಹಳಿಯ ಕೆಳಗಿನ ಸ್ಲೀಪರಿಗೂ ಮರ ಬೇಕಾಯಿತು, ಎಂಜಿನ್ನಿನ ಹೊಟ್ಟೆಗೂ ಸೌದೆ ಬೇಕಾಯಿತು. ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಕ ಹ್ಯೂ ಕ್ಲೆಗ್‌ಹಾರ್ನ್ 1861ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ರೈಲಿನ ಈ ಹಸಿವಿನ ಬಗ್ಗೆ ಚಿಂತಿಸಿದ್ದಾನೆ. ಈತ ಅದಕ್ಕೂ ಮುಂಚೆ ನಮ್ಮ ಶಿವಮೊಗ್ಗದಲ್ಲಿ ವೈದ್ಯನಾಗಿ ಕೆಲಸ ಮಾಡಿದವನು.

ಮರ ಮುಗಿಯುತ್ತದೆ ಎಂಬ ಭಯ ಬಂದ ಮೇಲೆ ಕಾಡಿಗೆ ಕಾನೂನು ಬಂತು. 1878ರ ಭಾರತೀಯ ಅರಣ್ಯ ಕಾಯ್ದೆ ಕಾಡನ್ನು ಮೂರು ಬಗೆಯಾಗಿ ವಿಂಗಡಿಸಿತು: ಮೀಸಲು ಅರಣ್ಯ, ರಕ್ಷಿತ ಅರಣ್ಯ, ಗ್ರಾಮ ಅರಣ್ಯ. ಮದ್ರಾಸಿಗೆ 1882ರಲ್ಲಿ, ಮೈಸೂರಿಗೆ 1900ರಲ್ಲಿ ಪ್ರತ್ಯೇಕ ಕಾನೂನು ಬಂದವು. ದಕ್ಷಿಣ ಕನ್ನಡ ಮದ್ರಾಸಿನ ಕೆಳಗೆ ಇತ್ತು, ಉತ್ತರ ಕನ್ನಡ 1862ರಿಂದ ಬೊಂಬಾಯಿಯ ಕೆಳಗೆ. ಒಂದೇ ಘಟ್ಟದ ಸಾಲಿನ ಜನ ಮೂರು ಸರ್ಕಾರಗಳ ಮೂರು ನಿಯಮ ಕಲಿಯಬೇಕಾಯಿತು.

ಈ ಕಾಯ್ದೆಯಲ್ಲಿ ನಮ್ಮ ಕಥೆಗೆ ಬೇಕಾದ ಒಂದು ಅಂಶ ಇದೆ. ಮೀಸಲು ಅರಣ್ಯ ಮಾಡುವ ಮೊದಲು ಅರಣ್ಯ ಇತ್ಯರ್ಥ ಅಧಿಕಾರಿ ಅಲ್ಲಿ ಯಾರಿಗೆ ಯಾವ ಹಕ್ಕಿದೆ ಎಂದು ವಿಚಾರಿಸಬೇಕು. ಹಕ್ಕನ್ನು ಒಪ್ಪಿದರೆ ಎಷ್ಟು ದನ ಮೇಯಬಹುದು, ಎಷ್ಟು ಮರ ಮತ್ತು ಕಾಡಿನ ಉತ್ಪನ್ನ ತರಬಹುದು ಎಂದು ಬರೆದಿಡಬೇಕು. ಅಂದರೆ ಮನೆಗೆ ಎಷ್ಟು ಸೌದೆ ಬೇಕು ಎಂಬ ಪ್ರಶ್ನೆ ಅಡುಗೆಮನೆಯಿಂದ ಎದ್ದು ಕಚೇರಿಯ ಕಡತಕ್ಕೆ ಬಂತು.

ಅಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಜನ ಹಿಂದಿನಿಂದ ತರುತ್ತಿದ್ದ ಸೌದೆ, ಸೊಪ್ಪು ಬಹಳ ಕಡೆ ಹಕ್ಕು ಎಂದು ದಾಖಲಾಗಲಿಲ್ಲ. ಸವಲತ್ತು ಎಂದು ದಾಖಲಾಯಿತು. ಹಕ್ಕನ್ನು ಕಿತ್ತುಕೊಳ್ಳುವುದು ಕಷ್ಟ, ಸವಲತ್ತನ್ನು ಹಿಂತೆಗೆದುಕೊಳ್ಳುವುದು ಸುಲಭ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟದ ಪದ್ಧತಿ ಹೀಗೆ ಸವಲತ್ತಿನ ಚೌಕಟ್ಟಿನಲ್ಲಿ ಉಳಿದುಬಂದದ್ದು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂದು ಲೆಕ್ಕ. ತೋಟ ಇದ್ದವರಿಗೆ ಬೆಟ್ಟ ಸಿಕ್ಕಿತು. ತೋಟ ಇಲ್ಲದವರ ಒಲೆಯೂ ಅಷ್ಟೇ ಉರಿಯಬೇಕಲ್ಲ? ಅವರಿಗೆ ಉಳಿದದ್ದು ಊರ ಸುತ್ತಲಿನ ಸಣ್ಣ ಕಾಡು ಮತ್ತು ಗಾರ್ಡಿನ ದಯೆ.

ಒಲೆಗೆ ಸಗಣಿ, ಹೊಲಕ್ಕೆ ಏನು?

1889ರಲ್ಲಿ ಜಾನ್ ಅಗಸ್ಟಸ್ ವೋಲ್ಕರ್ ಎಂಬ ಕೃಷಿ ರಸಾಯನಶಾಸ್ತ್ರಜ್ಞ ಇಂಗ್ಲೆಂಡಿನಿಂದ ಬಂದ. ಭಾರತದ ಬೇಸಾಯವನ್ನು ಹೇಗೆ ಸುಧಾರಿಸಬಹುದು ಎಂದು ಹೇಳಲು ಸರ್ಕಾರ ಅವನನ್ನು ಕರೆಸಿತ್ತು. ದೇಶ ಸುತ್ತಿ 1893ರಲ್ಲಿ ವರದಿ ಪ್ರಕಟಿಸಿದ. ನಮ್ಮ ರೈತರಿಗೆ ಬೇಸಾಯ ಬರುವುದಿಲ್ಲ ಎಂಬ ಮಾತನ್ನು ಆತ ಒಪ್ಪಲಿಲ್ಲ. ತೊಂದರೆ ಇರುವುದು ಗೊಬ್ಬರದಲ್ಲಿ ಅಂದ. ಗೊಬ್ಬರವಾಗಬೇಕಾದ ಸಗಣಿ ಬೆರಣಿಯಾಗಿ ಒಲೆಗೆ ಹೋಗುತ್ತಿದೆ. ಸೌದೆ ಸಿಗುವ ಕಡೆ ಜನ ಸಗಣಿ ಸುಡುವುದಿಲ್ಲ, ಸಿಗದ ಕಡೆ ಸುಡುತ್ತಾರೆ. ಆದ್ದರಿಂದ ಊರಿನ ಹತ್ತಿರವೇ ಸೌದೆ ಮತ್ತು ಮೇವಿನ ಕಾಡು ಬೆಳೆಸಿ ಎಂದ.

ಒಲೆಯ ಲೆಕ್ಕವನ್ನೂ ಹೊಲದ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಈ ವರದಿಯ ದೊಡ್ಡ ಕೆಲಸ. ಮರುವರ್ಷ, 1894ರಲ್ಲಿ ಬಂದ ಅರಣ್ಯ ನೀತಿಯಲ್ಲಿ ಊರ ಜನರ ಸೌದೆ, ಮೇವಿಗಾಗಿ ಇರುವ ಕಾಡುಗಳಿಗೂ ಒಂದು ಜಾಗ ಸಿಕ್ಕಿತು. ಕಾಗದದಲ್ಲಿ ಸಿಕ್ಕ ಜಾಗ ನೆಲದ ಮೇಲೆ ಎಲ್ಲ ಕಡೆ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಒಳ್ಳೆಯ ಮರ ಇರುವ ಕಾಡು ಇಲಾಖೆಗೆ, ಉಳಿದ ಕುರುಚಲು ಊರಿಗೆ ಎಂಬ ಹಂಚಿಕೆಯೇ ಹೆಚ್ಚಾಗಿ ನಡೆಯಿತು.

ಈ ನಡುವೆ ಕಾರ್ಖಾನೆಗಳೂ ಕಾಡಿನ ಬಾಗಿಲಿಗೆ ಬಂದಿದ್ದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಅದಿರು ಕೆಮ್ಮಣ್ಣುಗುಂಡಿಯದು, ಉರಿ ಮಲೆನಾಡಿನ ಮರದ ಇದ್ದಿಲಿನದು. ಅದರಿಂದ ನಾಡಿಗೆ ಕಬ್ಬಿಣ ಸಿಕ್ಕಿತು, ಸಾವಿರಾರು ಮನೆಗೆ ಅನ್ನ ಸಿಕ್ಕಿತು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಡಿನಿಂದ ಸೌದೆ ಹೊರಗೆ ಹೋಗುತ್ತಿದ್ದದ್ದು ತಲೆಹೊರೆಯಲ್ಲಿ ಮಾತ್ರ ಅಲ್ಲ ಅನ್ನುವುದನ್ನು ನೆನಪಿಡಬೇಕು.

ಗುಣಾಕಾರ ಹೇಳಿದ ಭವಿಷ್ಯ

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಹೊಸ ಅರಣ್ಯ ನೀತಿ ಬಂತು. ಕಾಡಿನ ಪಕ್ಕದಲ್ಲಿ ಊರು ಇರುವುದು ಒಂದು ಆಕಸ್ಮಿಕ, ಅದಕ್ಕಾಗಿ ದೇಶದ ಹಿತ ಬಿಡಲಾಗದು ಎಂಬ ಧಾಟಿ ಅದರದು. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ಇನ್ನೂ ಮುಂದೆ ಹೋಗಿ, ಹಳ್ಳಿಗರಿಗೆ ಕಾಡಿನ ವಸ್ತು ಪುಕ್ಕಟೆ ಸಿಗುತ್ತಿರುವುದೇ ಕಾಡು ಹಾಳಾಗಲು ಕಾರಣ ಅನ್ನುವ ಅರ್ಥದಲ್ಲಿ ಬರೆಯಿತು. ಊರವರು ತಮಗೆ ಬೇಕಾದ ಸೌದೆಯನ್ನು ಊರಲ್ಲೇ ಬೆಳೆದುಕೊಳ್ಳಲಿ, ಅದಕ್ಕೆ ಸಾಮಾಜಿಕ ಅರಣ್ಯ ಯೋಜನೆ ಇರಲಿ ಎಂದಿತು.

ಅದೇ ಹೊತ್ತಿಗೆ ಹೊರದೇಶಗಳಲ್ಲೂ ಸೌದೆಯ ಮಾತು ಜೋರಾಗಿತ್ತು. ಪೆಟ್ರೋಲ್ ಬೆಲೆ ಏರಿದ ಗಲಾಟೆಯ ನಡುವೆ 1975ರಲ್ಲಿ ಎರಿಕ್ ಎಕ್‌ಹೋಮ್ ಎಂಬ ಅಮೆರಿಕದ ಲೇಖಕ, ಬಡವರ ನಿಜವಾದ ಇಂಧನದ ಬಿಕ್ಕಟ್ಟು ಸೌದೆ ಎಂದು ಬರೆದ. ಮಾತಿನಲ್ಲಿ ಸತ್ಯ ಇತ್ತು. ಆದರೆ ಆಮೇಲೆ ಯೋಜನೆಯವರು ಮಾಡಿದ ಲೆಕ್ಕ ತೀರಾ ಸರಳ. ಒಬ್ಬರಿಗೆ ವರ್ಷಕ್ಕೆ ಇಷ್ಟು ಸೌದೆ, ಜನ ಇಷ್ಟು ಕೋಟಿ, ಕಾಡು ವರ್ಷಕ್ಕೆ ಬೆಳೆಯುವುದು ಇಷ್ಟು. ಮೊದಲಿನ ಎರಡನ್ನು ಗುಣಿಸಿ ಮೂರನೆಯದನ್ನು ಕಳೆದರು. ಉಳಿದದ್ದಕ್ಕೆ ಕೊರತೆ ಎಂದು ಹೆಸರಿಟ್ಟರು. ಈ ಕೊರತೆಯನ್ನು ಮುಂದಿನ ವರ್ಷಗಳಿಗೆ ಎಳೆದು ನೋಡಿದರೆ ಇನ್ನು ಸ್ವಲ್ಪ ಕಾಲದಲ್ಲಿ ಕಾಡೇ ಇರುವುದಿಲ್ಲ ಅನ್ನಿಸುತ್ತಿತ್ತು.

ಲೆಕ್ಕದಲ್ಲಿ ಬಿಟ್ಟುಹೋದದ್ದು ಏನು? ಬೇಲಿ, ಬದು, ತೋಟ, ಹೊಲದ ಕಡ್ಡಿ, ಸೋಗೆ, ಬೆರಣಿ. ಕಾಡನ್ನೇ ಮುಟ್ಟದ ಒಲೆಗಳೂ ಲಕ್ಷಗಟ್ಟಲೆ ಇದ್ದವು. ಸೌದೆ ದೂರವಾದಾಗ ಜನ ಕಡಿಮೆ ಉರಿಸುತ್ತಾರೆ, ಬೇರೆ ಉರಿಸುತ್ತಾರೆ, ಬದುವಿನಲ್ಲಿ ಮರ ಬಿಡುತ್ತಾರೆ. 1988ರಲ್ಲಿ ಜೆರಾಲ್ಡ್ ಲೀಚ್ ಮತ್ತು ರಾಬಿನ್ ಮಿಯರ್ನ್ಸ್ ಬರೆದ ಪುಸ್ತಕದಂಥ ಕೆಲಸಗಳು ಈ ಗುಣಾಕಾರದ ತಪ್ಪನ್ನು ಬಿಡಿಸಿ ತೋರಿಸಿದವು. ಆದರೆ ಆ ಹೊತ್ತಿಗೆ ಯೋಜನೆಗಳು ಓಡುತ್ತಿದ್ದವು.

ಕರ್ನಾಟಕದಲ್ಲಿ 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ದೊಡ್ಡದಾಗಿ ಶುರುವಾಯಿತು. ಸೌದೆಯ ಹೆಸರಿನಲ್ಲಿ ಹೆಚ್ಚಾಗಿ ಬಂದದ್ದು ನೀಲಗಿರಿ. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಕಾವಲು ಬೇಡ. ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೂ ನೀಲಗಿರಿ ನಿಂತಿತು. ಆದರೆ ಆ ಮರ ಬಡವರ ಒಲೆಗೆ ಹೋಗಲಿಲ್ಲ. ಹೆಚ್ಚು ಬೆಲೆ ಕೊಡುವ ಕಡೆ ಹೋಯಿತು: ಕಾಗದ, ರೇಯಾನ್ ಕಾರ್ಖಾನೆಗೆ, ಪೇಟೆಯ ಕಟ್ಟಡಗಳ ಆಸರೆ ಕಂಬಕ್ಕೆ. ಅದೇ 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು, ಅಪ್ಪಿಕೋ ಚಳವಳಿ ಹುಟ್ಟಿತು. ಧಾರವಾಡ ಸೀಮೆಯ ಕುಸನೂರಿನಲ್ಲಿ 1987ರಲ್ಲಿ ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ನಡೆಯಿತು. ನೀಲಗಿರಿ ಕೀಳು, ಊರಿಗೆ ಬೇಕಾದ ಮರ ಹಚ್ಚು ಎಂದು ಅದರ ಅರ್ಥ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಪುರ ಎಂಬ ಊರಿನ ತಕ್ಕಡಿ

ಇಷ್ಟೆಲ್ಲ ಲೆಕ್ಕ ಹಾಕಿದವರಲ್ಲಿ ಊರಿಗೆ ಬಂದು ಒಲೆಯ ಮುಂದೆ ಕೂತು ತೂಗಿದವರು ಬಹಳ ಕಡಿಮೆ. ಆ ಕೆಲಸ ನಡೆದದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು ಅಸ್ತ್ರ ಎಂಬ ಘಟಕ ಕಟ್ಟಿದರು. ಹಳ್ಳಿಯ ಕೆಲಸಕ್ಕೆ ವಿಜ್ಞಾನ ಒದಗಬೇಕು ಅನ್ನುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದು, ಸುತ್ತಲಿನ ಆರು ಊರುಗಳಲ್ಲಿ ಜನ ಯಾವ ಕೆಲಸಕ್ಕೆ ಯಾವ ಶಕ್ತಿ ಬಳಸುತ್ತಾರೆ ಎಂದು ಅಳೆದರು. ಎನ್. ಎಚ್. ರವೀಂದ್ರನಾಥ್ ಮೊದಲಾದವರು ಜೊತೆಗಿದ್ದರು. ಆ ಊರುಗಳಲ್ಲಿ ಒಂದರ ಹೆಸರು ಪುರ. 1977ರ ಹೊತ್ತಿಗೆ ಅಲ್ಲಿ 56 ಮನೆ, 357 ಜನ.

ಪುರದ ಲೆಕ್ಕ ಹೀಗಿತ್ತು. ಊರು ಬಳಸುವ ಶಕ್ತಿಯಲ್ಲಿ ಅತಿ ದೊಡ್ಡ ಪಾಲು ಸೌದೆಯದು. ವರ್ಷಕ್ಕೆ ಸುಮಾರು 217 ಟನ್. ತಲೆಗೆ ಹಂಚಿದರೆ ವರ್ಷಕ್ಕೆ ಸುಮಾರು 0.6 ಟನ್, ದಿನಕ್ಕೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಇದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಶೇಕಡಾ 4ರಷ್ಟು ಮಾತ್ರ. ಉಳಿದದ್ದೆಲ್ಲ ಆಯ್ದು ತಂದದ್ದು. ದೊಡ್ಡ ಮರ ಕಡಿದದ್ದಲ್ಲ, ಹೆಚ್ಚಾಗಿ ಪುರಲೆ, ಕೊಂಬೆ, ಮುಳ್ಳು.

ದುಡ್ಡು ಕೊಡದೆ ಬಂದದ್ದು ಅಂದ ಮಾತ್ರಕ್ಕೆ ಪುಕ್ಕಟೆ ಬಂದದ್ದೇ? ಇಲ್ಲಿಯೇ ಈ ಅಧ್ಯಯನ ಬೇರೆಯವಕ್ಕಿಂತ ಭಿನ್ನವಾಗಿದ್ದು. ಅವರು ಸೌದೆಯ ಜೊತೆ ಮನುಷ್ಯರ ದುಡಿಮೆಯನ್ನೂ ಗಂಟೆಯಲ್ಲಿ ಅಳೆದರು. ಸೌದೆ ತರುವುದು, ನೀರು ಹೊರುವುದು, ಅಡುಗೆ, ದನ ಕಾಯುವುದು, ಹೊಲದ ಕೆಲಸ ಎಲ್ಲ ಸೇರಿಸಿದಾಗ ಊರಿನ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು ಎಂದು ಕಂಡಿತು. ಮಕ್ಕಳ ಪಾಲೂ ಇತ್ತು. ಶಾಲೆ ಬಿಟ್ಟ ಹುಡುಗಿಯ ತಲೆಯ ಮೇಲಿನ ಹೊರೆ ವಿಜ್ಞಾನದ ಕೋಷ್ಟಕದಲ್ಲಿ ಒಂದು ಸಾಲಾಗಿ ಬಂತು.

ರೆಡ್ಡಿಯವರ ತಂಡ ಬೆಂಗಳೂರಿಗೆ ಬರುವ ಸೌದೆಯನ್ನೂ ಲೆಕ್ಕ ಹಾಕಿತು. ಅಲ್ಲಿಗೆ ಸೌದೆ ಬರುತ್ತಿದ್ದದ್ದು ಲಾರಿಯಲ್ಲಿ, ರೈಲಿನಲ್ಲಿ, ದಪ್ಪ ದಪ್ಪ ಕುಂಟೆಗಳಾಗಿ. ಹಳ್ಳಿ ಪುರಲೆ ಆಯುತ್ತದೆ, ನಗರ ಮರ ಉರಿಸುತ್ತದೆ. ಹಾಗಿದ್ದರೆ ಕಾಡು ಕರಗಲು ತಲೆಹೊರೆಯವಳು ಕಾರಣ ಎಂದು ಹೇಳುವುದು ಹೇಗೆ?

ಪುರದಿಂದ ಇನ್ನೂ ಒಂದು ಪಾಠ ಸಿಕ್ಕಿತು. ಸೌದೆಯ ಹೊರೆ ಇಳಿಸಲು ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡುವುದು ಮೊದಲ ಯೋಚನೆ. ಅದು ನಿಲ್ಲಲಿಲ್ಲ. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಕೊನೆಗೆ 1987ರಿಂದ ಆ ಗ್ಯಾಸಿನಿಂದ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, ಕೊಳವೆಬಾವಿಯಿಂದ ನೀರು ಎತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಎಷ್ಟು ಸೌದೆ ಬೇಕು ಎಂದು ತೂಗಿ ತಿಳಿಯಬಹುದು. ಮೊದಲು ಏನು ಬೇಕು ಅನ್ನುವುದನ್ನು ಕೇಳಿಯೇ ತಿಳಿಯಬೇಕು.

ಒಲೆ ಬದಲಾದರೆ ಲೆಕ್ಕವೂ ಬದಲು

ಒಂದು ಮನೆಗೆ ಎಷ್ಟು ಸೌದೆ ಬೇಕು ಅನ್ನುವುದು ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ. ಮೂರು ಕಲ್ಲಿನ ಒಲೆಯಲ್ಲಿ ಉರಿಯುವ ಶಾಖದಲ್ಲಿ ಪಾತ್ರೆಗೆ ಮುಟ್ಟುವುದು ನೂರರಲ್ಲಿ ಹತ್ತರ ಆಸುಪಾಸು. ಉಳಿದದ್ದು ಗಾಳಿಗೆ, ಗೋಡೆಗೆ, ಊದುವವಳ ಮುಖಕ್ಕೆ.

ಅಸ್ತ್ರದವರು 1980ರ ದಶಕದ ಆರಂಭದಲ್ಲಿ ರೂಪಿಸಿದ ಅಸ್ತ್ರ ಒಲೆಗೆ ಮೂರು ಕಣ್ಣು, ಕೆಳಗೆ ಜಾಲರಿ, ಗಾಳಿ ಹಿಡಿತಕ್ಕೆ ಬಾಗಿಲು, ಹೊಗೆಗೆ ಕೊಳವೆ. ಪ್ರಯೋಗದಲ್ಲಿ ನೂರರಲ್ಲಿ 30ಕ್ಕೂ ಹೆಚ್ಚು ಶಾಖ ಪಾತ್ರೆಗೆ ಸಿಕ್ಕಿತು. ಅದೇ ಅಡುಗೆ, ಅರ್ಧಕ್ಕಿಂತ ಕಡಿಮೆ ಸೌದೆ, ಮನೆಯೊಳಗೆ ಹೊಗೆ ಇಲ್ಲ. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ ಸುಮಾರು ಇಪ್ಪತ್ತು ವರ್ಷ ನಡೆಸಿತು.

ಆದರೂ ಎಲ್ಲ ಒಲೆ ಉಳಿಯಲಿಲ್ಲ. ಕಣ್ಣಿನ ಅಳತೆ ಸ್ವಲ್ಪ ತಪ್ಪಿದರೂ ಪಾತ್ರೆ ಸರಿಯಾಗಿ ಕೂರುವುದಿಲ್ಲ. ಕುಂಟೆಯನ್ನು ಸಣ್ಣಗೆ ಸೀಳಬೇಕು. ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಹಿಂದಕ್ಕೆ ಬರುತ್ತದೆ. ಕಟ್ಟಿದವನು ತಿರುಗಿ ಬರದಿದ್ದ ಕಡೆ ಒಲೆ ಒಡೆದು ಮತ್ತೆ ಮೂರು ಕಲ್ಲು ಬಂತು. ಎಷ್ಟು ಒಲೆ ಕಟ್ಟಿದೆವು ಎಂದು ಎಣಿಸಿದವರು, ಎಷ್ಟು ಒಲೆ ಉರಿಯುತ್ತಿವೆ ಎಂದು ಅಷ್ಟೇ ಆಸ್ಥೆಯಿಂದ ಎಣಿಸಲಿಲ್ಲ.

ಇದೇ ಮಾತು ಗ್ಯಾಸಿಗೂ ಹೊಂದುತ್ತದೆ. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು. ಕೋಟಿಗಟ್ಟಲೆ ಮನೆಗೆ ಸಂಪರ್ಕ ಸಿಕ್ಕಿತು. ಹೊಗೆಯಿಂದ ಹೆಂಗಸರಿಗೆ ಬಿಡುವು ಸಿಕ್ಕಿದ್ದು ನಿಜ, ಅದು ದೊಡ್ಡ ಸಂಗತಿ. ಆದರೆ 14.2 ಕಿಲೋ ಸಿಲಿಂಡರ್ ಖಾಲಿಯಾದಾಗ ತುಂಬಿಸಲು ಕೈಯಲ್ಲಿ ದುಡ್ಡು ಬೇಕು. ಹಾಗಾಗಿ ಚಹಾ, ಬೆಳಗಿನ ತಿಂಡಿ ಗ್ಯಾಸಿನಲ್ಲಿ; ಅನ್ನ, ಮುದ್ದೆ, ದನದ ಬೂಸಾ, ಹಂಡೆ ನೀರು ಸೌದೆಯಲ್ಲಿ ಎಂಬ ಹಂಚಿಕೆ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಇದೆ. ಸಂಪರ್ಕ ಇದೆ ಅಂದ ಕೂಡಲೇ ಆ ಮನೆಗೆ ಸೌದೆ ಬೇಡ ಎಂದು ಬರೆದುಬಿಟ್ಟರೆ, ಹೊರುವವಳು ಮತ್ತೆ ಲೆಕ್ಕದಿಂದ ಹೊರಗೆ.

ಕಾನೂನಿನ ಮಾತಿಗೆ ಬಂದರೆ, 1988ರ ಅರಣ್ಯ ನೀತಿ 1952ರ ಧಾಟಿಯನ್ನು ತಿರುಗಿಸಿತು. ಕಾಡಿನ ಅಂಚಿನ ಬಡವರ, ಬುಡಕಟ್ಟು ಜನರ ಸೌದೆ, ಮೇವು, ಮನೆ ಕಟ್ಟುವ ಮರದ ಅಗತ್ಯಕ್ಕೆ ಕಾಡಿನ ಉತ್ಪನ್ನದಲ್ಲಿ ಮೊದಲ ಆದ್ಯತೆ ಎಂದಿತು. ಆ ಆದ್ಯತೆ ಕೇಳಬೇಕಾದರೆ ನಮ್ಮ ಊರಿಗೆ ಎಷ್ಟು ಬೇಕು ಅನ್ನುವುದು ನಮಗೇ ಗೊತ್ತಿರಬೇಕು.

ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ

ಇದಕ್ಕೆ ವಿಜ್ಞಾನಿ ಬೇಕಿಲ್ಲ. ಒಂದು ತೂಗುವ ಕೊಕ್ಕೆ, ಒಂದು ನೋಟ್‌ಬುಕ್ ಸಾಕು.

ಏಳು ದಿನ ತೂಗಿ. ಬೆಳಿಗ್ಗೆ 20 ಕಿಲೋ ಒಣಸೌದೆ ಬೇರೆ ಇಟ್ಟು ಅದರಿಂದಲೇ ಉರಿಸಿ. ಮರುದಿನ ಉಳಿದದ್ದನ್ನು ತೂಗಿ ಕಳೆಯಿರಿ. ಅಡುಗೆ ಒಲೆಯದು ಬೇರೆ, ಬಚ್ಚಲ ಒಲೆಯದು ಬೇರೆ ಬರೆಯಿರಿ. ಬಚ್ಚಲ ಒಲೆ ಎಷ್ಟು ತಿನ್ನುತ್ತದೆ ಎಂದು ನೋಡಿ ನಿಮಗೇ ಆಶ್ಚರ್ಯ ಆಗಬಹುದು.

ಉದಾಹರಣೆಗೆ ಐದು ಜನರ ಮನೆಯಲ್ಲಿ ಅಡುಗೆಗೆ 5 ಕಿಲೋ, ಬಚ್ಚಲಿಗೆ 4 ಕಿಲೋ ಎಂದುಕೊಳ್ಳಿ. ದಿನಕ್ಕೆ 9 ಕಿಲೋ. ಮೃಗಶಿರಾದಿಂದ ಹಸ್ತದವರೆಗೆ ಒಂಬತ್ತು ಮಳೆ, ಸುಮಾರು 120 ದಿನ. 9 ಗುಣಿಸು 120 ಅಂದರೆ 1,080 ಕಿಲೋ. ಹಬ್ಬ, ನೆಂಟರು, ಬಾಣಂತಿ ನೀರು, ಬಿಡದ ಜಡಿಮಳೆಗೆ ಎಂದು ಐದನೇ ಒಂದು ಭಾಗ ಸೇರಿಸಿ. ಸುಮಾರು 1,300 ಕಿಲೋ. 25 ಕಿಲೋದ ಹೊರೆಯಾದರೆ 52 ಹೊರೆ. ಪುರದ ಸರಾಸರಿಯನ್ನು ಐದು ಜನಕ್ಕೆ, 120 ದಿನಕ್ಕೆ ಹಾಕಿದರೆ ಬರುವುದು ಒಂದು ಟನ್ನಿಗೆ ಹತ್ತಿರ. ಪುರ ಬಯಲುಸೀಮೆಯ ಊರು. ಮಳೆ ಜಾಸ್ತಿ ಇರುವ ಕಡೆ ಹೆಚ್ಚು ಬೇಕಾಗುವುದು ಸಹಜ.

ಜಾಗ ಎಷ್ಟು ಬೇಕು? ಗಟ್ಟಿ ಜಾತಿಯ ಒಣಚಕ್ಕೆಯನ್ನು ಒತ್ತಾಗಿ ಪೇರಿಸಿದರೆ 8 ಅಡಿ ಉದ್ದ, 4 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಸಾಲಿನಲ್ಲಿ ಹೆಚ್ಚುಕಡಿಮೆ ಈ 1,300 ಕಿಲೋ ಕೂರುತ್ತದೆ. ಸಿಲ್ವರ್ ಓಕ್, ಬೂರುಗದಂಥ ಹಗುರ ಮರವಾದರೆ ಜಾಗ ಹೆಚ್ಚು ಬೇಕು. ಚೆನ್ನಾಗಿ ಒಣಗಿದ್ದರೆ ಯಾವ ಮರವಾದರೂ ಕಿಲೋಗೆ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಗಾಡಿ ನೋಡಿ ಬೆಲೆ ಕಟ್ಟಬೇಡಿ, ತೂಕ ನೋಡಿ.

ತೂಕ ನೋಡುವಾಗ ಹಸಿ ಒಣ ಎರಡನ್ನೂ ನೋಡಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಂಥ 100 ಕಿಲೋ ಚೆನ್ನಾಗಿ ಒಣಗಿದರೆ ಉಳಿಯುವುದು ಸುಮಾರು 62 ಕಿಲೋ. ಅದೇ ತೂಕದ ಹಸಿ ಸೌದೆ ಕೊಡುವ ಶಾಖ ಒಣಸೌದೆಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದ ಉರಿ ನೀರನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ, ಹೊಗೆ ಬೇರೆ. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಸೌದೆ ಕೂಡಿಸಿ, ಸೀಳಿ, ಬೇಸಿಗೆಯ ಬಿಸಿಲು ಕುಡಿಸಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಪೇರಿಸುವ ಹಳೆಯ ರೂಢಿ ಇದಕ್ಕೇ. ಒಣಗಿಸುವುದು ಅಂದರೆ ಒಂದು ಕೊಂಬೆಯನ್ನು ಮುಕ್ಕಾಲು ಕೊಂಬೆ ಹೆಚ್ಚಿಸಿದ ಹಾಗೆ ಅಲ್ಲ. ಇರುವ ಕೊಂಬೆಯನ್ನು ವ್ಯರ್ಥ ಮಾಡದೆ ಉಳಿಸಿದ ಹಾಗೆ.

ಕೊನೆಗೆ ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಬರೆಯಿರಿ. ಆ 52 ಹೊರೆಯನ್ನು ತಂದವರು ಯಾರು, ಒಂದೊಂದು ಹೊರೆಗೆ ಎಷ್ಟು ಗಂಟೆ ಹಿಡಿಯಿತು. ಒಂದು ಹೊರೆಗೆ ಮೂರು ಗಂಟೆ ಅಂದರೂ 156 ಗಂಟೆ. ದಿನಕ್ಕೆ ಎಂಟು ಗಂಟೆಯ ಕೂಲಿ ಎಂದು ಎಣಿಸಿದರೆ ಹತ್ತೊಂಬತ್ತು ದಿನಕ್ಕೂ ಹೆಚ್ಚು. ಅದು ನಾಲ್ಕು ತಿಂಗಳ ಸೌದೆಗೆ ಮಾತ್ರ.

ನೂರೈವತ್ತು ವರ್ಷ ಸರ್ಕಾರಗಳು ಹಾಕಿದ ಲೆಕ್ಕದಲ್ಲಿ ಮರ ಇತ್ತು, ಟನ್ ಇತ್ತು, ಕೊರತೆ ಇತ್ತು. ಈ ಸಾಲು ಇರಲಿಲ್ಲ. ಒಲೆ ಸುಧಾರಿಸಬೇಕೋ, ಬದುವಿನಲ್ಲಿ ಮರ ಬಿಡಬೇಕೋ, ಬಚ್ಚಲಿಗೆ ಸೋಲಾರ್ ಹಾಕಬೇಕೋ ಎಂಬ ಮಾತು ಮನೆಯಲ್ಲಿ ಬಂದಾಗ ಬೆಲೆ ಕಟ್ಟುವುದು ಈ ಸಾಲಿನಿಂದ ಶುರುವಾಗಲಿ. ಗ್ರಾಮಸಭೆಯಲ್ಲಿ ಊರ ಕಾಡಿನ ಮಾತು ಬಂದಾಗಲೂ ಅಷ್ಟೇ. ಹೊತ್ತವರೇ ಎದ್ದು ನಿಂತು ತಮ್ಮ ಲೆಕ್ಕ ಓದಿದರೆ, ಅದನ್ನು ಅಲ್ಲಗಳೆಯಲು ಯಾವ ಕಡತಕ್ಕೂ ಸುಲಭವಾಗಲಾರದು.